ಪಕ್ಕದಲ್ಲಿ ಒಬ್ಬರಿದ್ದರೆ ಎದೆಬಡಿತ ಯಾಕೆ ಇಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ಜಯನಗರದ ಒಂದು ಪಾರ್ಕಿನಲ್ಲಿ ನಾವು ಎಂಟು ಹತ್ತು ಜನ ಸೇರುತ್ತೇವೆ. ಭಾಷಣ ಇಲ್ಲ, ಫೀಸಿಲ್ಲ. ಹೇಳಿಕೊಳ್ಳಬೇಕು ಅನ್ನಿಸಿದವರು ಹೇಳಿಕೊಳ್ಳುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ನಾನು ಡಾಕ್ಟರ್ ಅಲ್ಲ. ಕೌನ್ಸೆಲಿಂಗ್‌ನಲ್ಲಿ ಒಂದಿಷ್ಟು ತರಬೇತಿ ಆಗಿದೆ, ಓದುವ ಚಟ ಇದೆ, ಅಷ್ಟೇ. ಪಕ್ಕದಲ್ಲಿ ಒಬ್ಬರಿದ್ದರೆ ನರಮಂಡಲ ಶಾಂತವಾಗುತ್ತದೆ ಅಂತ ನಾನು ಅಲ್ಲಿ ಆಗಾಗ ಹೇಳುತ್ತಿರುತ್ತೇನೆ. ಅದರ ಮೇಲೆ ನಾಲ್ಕು ವರ್ಷದಿಂದ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಿವೆ. ಪ್ರತಿ ಸಲ ಬಾಯಲ್ಲಿ ಹೇಳಿ ಅರ್ಧ ಮರೆಯುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನರಮಂಡಲ ಶಾಂತವಾಗುತ್ತದೆ ಅಂತೀರಲ್ಲ, ಅಂದರೆ ಏನಾಗುತ್ತದೆ?

ಸಿಲ್ಕ್ ಬೋರ್ಡ್ ಹತ್ತಿರ ಸ್ಕೂಟರ್‌ನಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಮುಂದಿನ ಬಸ್ಸು ಗಕ್ಕನೆ ನಿಲ್ಲುತ್ತದೆ. ಎದೆ ಧಸಕ್ ಅನ್ನುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಇದ್ಯಾವುದನ್ನೂ ನೀವು ಮಾಡಿದ್ದಲ್ಲ, ತಾನೇ ಆದದ್ದು. ನಾವು ಹೇಳದೆಯೇ ಕೆಲಸ ಮಾಡುವ ನರಗಳ ಜಾಲ ಒಂದಿದೆ. ಅದರಲ್ಲಿ ಎರಡು ಭಾಗ. ಸಿಂಪಥೆಟಿಕ್ ಅನ್ನುವುದು ಆಕ್ಸಿಲರೇಟರ್. ಪ್ಯಾರಾಸಿಂಪಥೆಟಿಕ್ ಅನ್ನುವುದು ಬ್ರೇಕು.

ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಿದ್ದಾಗ ಅದು 70ರ ಆಸುಪಾಸಿನಲ್ಲಿ ಇರುವುದು ಈ ಬ್ರೇಕು ಸದಾ ಸ್ವಲ್ಪ ಒತ್ತಿಕೊಂಡೇ ಇರುವುದರಿಂದ. ಗಾಬರಿಯಾದಾಗ ಮೊದಲು ಬ್ರೇಕು ಸಡಿಲವಾಗುತ್ತದೆ, ಆಮೇಲೆ ಆಕ್ಸಿಲರೇಟರ್ ಒತ್ತುತ್ತದೆ. ಅಡ್ರಿನಲಿನ್ ಅನ್ನುವ ಗಾಬರಿಯ ಹಾರ್ಮೋನು ಕ್ಷಣದಲ್ಲಿ ಬರುತ್ತದೆ. ಒತ್ತಡದ ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ನಿಧಾನಿ. ಗಾಬರಿ ಶುರುವಾಗಿ 20, 30 ನಿಮಿಷಕ್ಕೆ ಅದು ರಕ್ತದಲ್ಲಿ ತುದಿ ಮುಟ್ಟುತ್ತದೆ. ಬಸ್ಸಿನಿಂದ ತಪ್ಪಿಸಿಕೊಂಡು ಆಫೀಸು ಸೇರಿ ಅರ್ಧ ಗಂಟೆ ಆದರೂ ಮೈ ಬಿಗಿಯಾಗಿಯೇ ಇರುವುದರಲ್ಲಿ ಇದರ ಪಾಲೂ ಇದೆ.

ಶಾಂತ ಅಂದರೆ ಮಂಕಾಗಿ ಕೂರುವುದಲ್ಲ. ಏರಬೇಕಾದಾಗ ಏರಿ, ಕೆಲಸ ಮುಗಿದ ಮೇಲೆ ಇಳಿಯುವುದು. ತೊಂದರೆ ಬರುವುದು ಇಳಿಯದೆ ಹೋದಾಗ. ರಾತ್ರಿ 10ಕ್ಕೆ ಮ್ಯಾನೇಜರ್ ಕಳಿಸಿದ "ನಾಳೆ ಮಾತಾಡೋಣ" ಅನ್ನುವ ಮೆಸೇಜಿಗೂ ಆ ಬಸ್ಸಿಗೂ ದೇಹ ಅಷ್ಟೇನೂ ವ್ಯತ್ಯಾಸ ಮಾಡುವುದಿಲ್ಲ. ಬಸ್ಸಾದರೆ ಮುಂದೆ ಹೋಗಿಬಿಡುತ್ತದೆ. ಮೆಸೇಜು ಹಾಸಿಗೆಗೂ ಜೊತೆಗೆ ಬರುತ್ತದೆ.

ಅದಕ್ಕೂ ಪಕ್ಕದಲ್ಲಿ ಇರುವವರಿಗೂ ಏನು ಸಂಬಂಧ?

ನನ್ನದೇ ಕಥೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ಅಮ್ಮನಿಗೆ ತುರ್ತಾಗಿ ಆಪರೇಷನ್ ಆಯಿತು. ರಾತ್ರಿ ಎರಡು ಗಂಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಟೀಲ್ ಕುರ್ಚಿಯ ಮೇಲೆ ಒಬ್ಬಳೇ ಕೂತಿದ್ದೆ. ಯಾರೂ ಬಂದು ಏನೂ ಹೇಳುತ್ತಿರಲಿಲ್ಲ. ಕೈಯಲ್ಲಿದ್ದ ವಾಚು ಎದೆಬಡಿತ ತೋರಿಸುತ್ತದೆ, ನೋಡಿದರೆ 118. ಕೂತಲ್ಲೇ 118! ಉಸಿರಾಟದ ವ್ಯಾಯಾಮ ಗೊತ್ತಿತ್ತು, ಮಾಡಿದೆ. ನಾಲ್ಕು ಎಣಿಸುವ ಹೊತ್ತಿಗೆ ಆಪರೇಷನ್ ಥಿಯೇಟರ್ ಬಾಗಿಲು ಸದ್ದಾಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು.

ಆಮೇಲೆ ಮೇಲಿನ ಮನೆ ಅಂಕಲ್ ಬಂದರು. ಮಂಕಿ ಕ್ಯಾಪ್, ಕೈಯಲ್ಲಿ ಫ್ಲಾಸ್ಕು. "ಏನಾಗಲ್ಲ ಬಿಡಮ್ಮ" ಅಂತ ಕೂಡ ಅನ್ನಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತರು. ಫ್ಲಾಸ್ಕಿನ ಮುಚ್ಚಳಕ್ಕೆ ಅರ್ಧ ಕಾಫಿ ಸುರಿದು ನನಗೆ ಕೊಟ್ಟರು, ಇನ್ನರ್ಧ ತಾವು ಫ್ಲಾಸ್ಕಿನಿಂದಲೇ ಕುಡಿದರು. ಬೈಟು. ಆಮೇಲೆ ಎದುರುಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಇದು ಹೋದ ತಿಂಗಳದ್ದು, ಹರಿದೇ ಇಲ್ಲ ನೋಡು" ಅಂದರು. ಅಷ್ಟೇ ಮಾತು. ಸುಮಾರು ಇಪ್ಪತ್ತು ನಿಮಿಷ ಬಿಟ್ಟು ವಾಚು ನೋಡಿದರೆ 86. ಅಮ್ಮನ ಸುದ್ದಿ ಇನ್ನೂ ಬಂದಿರಲಿಲ್ಲ. ಪರಿಸ್ಥಿತಿ ಒಂದು ಚೂರೂ ಬದಲಾಗಿರಲಿಲ್ಲ. ಪಕ್ಕದ ಕುರ್ಚಿ ಖಾಲಿ ಇರಲಿಲ್ಲ, ಅಷ್ಟೇ ಬದಲಾವಣೆ.

ಇದನ್ನೇ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಜೊತೆಯವರು ಮೆದುಳಿನ ಸ್ಕ್ಯಾನರ್ ಒಳಗೆ ನೋಡಿದರು. 2006ರಲ್ಲಿ ಬಂದ ಆ ಅಧ್ಯಯನದಲ್ಲಿ 16 ಜನ ವಿವಾಹಿತ ಹೆಂಗಸರು ಇದ್ದರು. ಸ್ಕ್ಯಾನರಿನಲ್ಲಿ ಮಲಗಿದ್ದಾಗ ಕಾಲಿಗೆ ಸಣ್ಣ ಕರೆಂಟ್ ಶಾಕ್ ಬರಬಹುದು ಅನ್ನುವ ಸೂಚನೆ ಕೊಡುತ್ತಿದ್ದರು. ಒಮ್ಮೆ ಯಾರ ಕೈಯೂ ಇಲ್ಲ, ಒಮ್ಮೆ ಅಪರಿಚಿತರ ಕೈ, ಒಮ್ಮೆ ಗಂಡನ ಕೈ. ಒಬ್ಬರೇ ಇದ್ದಾಗ ಅಪಾಯಕ್ಕೆ ಸ್ಪಂದಿಸುವ ಭಾಗಗಳು ಜಾಸ್ತಿ ಕೆಲಸ ಮಾಡಿದವು. ಅಪರಿಚಿತರ ಕೈ ಸಿಕ್ಕಾಗಲೂ ಸ್ವಲ್ಪ ತಣ್ಣಗಾದವು. ಗಂಡನ ಕೈ ಸಿಕ್ಕಾಗ ಇನ್ನೂ ಜಾಸ್ತಿ. ಅದರಲ್ಲೂ ಸಂಸಾರ ಚೆನ್ನಾಗಿದ್ದವರಿಗೆ ಪರಿಣಾಮ ಹೆಚ್ಚು.

ಕೋನ್ ಆಮೇಲೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ನಾವು ಒಂಟಿಯಾಗಿರುವುದೇ ಸಹಜ, ಜೊತೆ ಅನ್ನುವುದು ಮೇಲಿಂದ ಸಿಕ್ಕ ಲಾಭ ಅಂದುಕೊಂಡಿದ್ದೇವೆ. ಆದರೆ ಮೆದುಳಿನ ಲೆಕ್ಕ ಉಲ್ಟಾ. ಅದು ಯಾರೋ ಜೊತೆಗಿದ್ದಾರೆ ಅಂತಲೇ ಲೆಕ್ಕ ಶುರು ಮಾಡುತ್ತದೆ. ಯಾರೂ ಇಲ್ಲ ಅಂದಾಗ ಕಾವಲಿನ ಕೆಲಸ ಪೂರ್ತಿ ತಾನೇ ಮಾಡಬೇಕಾಗುತ್ತದೆ, ಸುಸ್ತಾಗುತ್ತದೆ. ರೈಲಿನಲ್ಲಿ ಲಗೇಜ್ ನೋಡಿಕೊಳ್ಳಲು ಒಬ್ಬರಿದ್ದರೆ ನಿದ್ದೆ ಬರುತ್ತದಲ್ಲ, ಹಾಗೆ.

ಇದು ಬರೀ ಮನಸ್ಸಿನ ಸಮಾಧಾನ ಅಲ್ವಾ? ದೇಹಕ್ಕೆ ನಿಜವಾಗಿ ಲಾಭ ಇದೆಯಾ?

ಇದೆ. ಜೂಲಿಯಾನ್ ಹೋಲ್ಟ್ ಲನ್‌ಸ್ಟಾಡ್ ಮತ್ತು ಜೊತೆಯವರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ. ಗಟ್ಟಿ ಸಂಬಂಧಗಳಿದ್ದವರು ಆ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಶೇಕಡಾ 50ರಷ್ಟು ಹೆಚ್ಚಿತ್ತು. ಇದರಿಂದ ಒಂದೇ ಕಾರಣ, ಒಂದೇ ಪರಿಣಾಮ ಅಂತ ಹೇಳಲು ಬರುವುದಿಲ್ಲ. ಆರೋಗ್ಯ ಕೆಟ್ಟವರ ಸ್ನೇಹ ತಾನಾಗೇ ಕಮ್ಮಿ ಆಗುವುದೂ ಉಂಟು. ಆದರೂ ಸಣ್ಣ ಸಂಖ್ಯೆಯಂತೂ ಅಲ್ಲ.

2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆಗಿದ್ದ ವಿವೇಕ್ ಮೂರ್ತಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತಲೇ ಕರೆದು ವರದಿ ತಂದರು. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಹಳ್ಳಿ ಜಗಲಿಯ ಬೆಲೆ ಗೊತ್ತಿರುವ ಮನೆಯವರು ಅಂತ ನಾನು ಸುಮ್ನೆ ಖುಷಿಪಡುತ್ತೇನೆ.

ವೇಗಸ್ ನರ ಅಂತ ರೀಲ್ಸ್ ತುಂಬಾ ಬರುತ್ತಿದೆ. ನಿಜಾನಾ?

ನರ ನಿಜ, ರೀಲ್ಸಿನ ಅರ್ಧ ಮಾತು ಅಲ್ಲ.

ವೇಗಸ್ ಅನ್ನುವುದು ಮೆದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಹೋಗುವ ಉದ್ದನೆಯ ನರ. ಮೇಲೆ ಹೇಳಿದ ಬ್ರೇಕಿನ ಮುಖ್ಯ ತಂತಿ ಇದೇ. ಅದರ ಎಳೆಗಳಲ್ಲಿ ಹೆಚ್ಚಿನವು ಮೆದುಳಿನಿಂದ ಕೆಳಕ್ಕೆ ಅಪ್ಪಣೆ ತರುವುದಿಲ್ಲ. ದೇಹದಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಹೊಟ್ಟೆಯಲ್ಲಿ ಕಲಸಿದ ಹಾಗಾದರೆ ತಲೆಯೂ ಕೆಡುವುದರಲ್ಲಿ ಇದರ ಪಾಲೂ ಇದೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುವುದೂ ಇದರಿಂದಲೇ.

ಪಾಲಿವೇಗಲ್ ಥಿಯರಿ ಅಂತ ಒಂದಿದೆ, ಸ್ಟೀಫನ್ ಪೋರ್ಜಸ್ 1994ರಲ್ಲಿ ಮಂಡಿಸಿದ್ದು. ಮುಖ, ದನಿ, ಕಣ್ಣು ಇವುಗಳಿಂದ ನಮ್ಮ ನರಮಂಡಲ "ಇಲ್ಲಿ ಸುರಕ್ಷಿತ" ಅಂತ ಓದಿಕೊಳ್ಳುತ್ತದೆ ಅನ್ನುವುದು ಅದರ ಸಾರ. ಚಿಕಿತ್ಸಕರಿಗೆ ಇಷ್ಟ. ಆದರೆ ಅದರ ಅಂಗರಚನೆಯ ಮತ್ತು ವಿಕಾಸದ ವಾದಗಳನ್ನು ಒಪ್ಪದ ವಿಜ್ಞಾನಿಗಳು ಬಹಳ ಜನ ಇದ್ದಾರೆ. ಅದಿಲ್ಲದೆಯೂ ಈ ಪುಟದ ಮಾತುಗಳು ನಿಲ್ಲುತ್ತವೆ. ಕುತ್ತಿಗೆಗೆ ಐಸ್ ಇಟ್ಟು "ವೇಗಸ್ ರೀಸೆಟ್" ಮಾಡುವ ಕೋರ್ಸಿಗೆ ಮೂರು ಸಾವಿರ ಕೊಡುವ ಮೊದಲು ಅಕ್ಕನಿಗೆ ಒಂದು ಫೋನ್ ಮಾಡಿ ನೋಡಿ.

ನಮ್ಮ ಮನೆಯಲ್ಲಿ ಅಪ್ಪಿಕೊಳ್ಳುವ ಅಭ್ಯಾಸವೇ ಇಲ್ಲ. ಮುಟ್ಟದೆ ಆಗುತ್ತದಾ?

ಅಪ್ಪಿಕೊಳ್ಳುವುದು ಇಲ್ಲದಿರಬಹುದು, ಮುಟ್ಟುವುದು ಇಲ್ಲ ಅನ್ನಬೇಡಿ. ಭಾನುವಾರ ತಲೆಗೆ ಎಣ್ಣೆ ಹಚ್ಚಿದ್ದು? ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು? ಜಡೆ ಹಾಕಿದ್ದು, ಬೆನ್ನು ಸವರಿದ್ದು, ಅಜ್ಜಿಯ ಕಾಲು ಒತ್ತಿದ್ದು?

ನಮ್ಮ ಚರ್ಮದಲ್ಲಿ, ಮುಖ್ಯವಾಗಿ ಕೂದಲಿರುವ ಕಡೆ, ಮೆದುವಾಗಿ ನೇವರಿಸುವುದಕ್ಕೆ ಸ್ಪಂದಿಸುವ ವಿಶೇಷ ನರದ ಎಳೆಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸವರುವಿಕೆ ಅವಕ್ಕೆ ಬಹಳ ಇಷ್ಟ. ಅಳತೆಪಟ್ಟಿ ಬೇಡ. ಮಲಗಿದ ಮಗುವಿನ ತಲೆ ನೇವರಿಸುವ ತಾಯಿಯ ಕೈ ನೋಡಿ, ಹೆಚ್ಚುಕಮ್ಮಿ ಅದೇ ವೇಗ.

ಮುಟ್ಟುವುದರ ಬಲ ಎಷ್ಟು ಅನ್ನುವುದಕ್ಕೆ ಕಾಂಗರೂ ಆರೈಕೆ ನೋಡಬೇಕು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ, ತೂಕ ಕಮ್ಮಿ ಇದ್ದ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದರು. ಮಕ್ಕಳ ಮೈ ಬೆಚ್ಚಗಾಯಿತು, ಉಸಿರಾಟ, ಎದೆಬಡಿತ ಒಂದು ಹದಕ್ಕೆ ಬಂತು. 2021ರಲ್ಲಿ ಪ್ರಕಟವಾದ ಐದು ದೇಶಗಳ ದೊಡ್ಡ ಪ್ರಯೋಗದಲ್ಲಿ ಭಾರತವೂ ಇತ್ತು. ಹುಟ್ಟಿದ ಕೂಡಲೇ ಹೀಗೆ ಎದೆಗೆ ಹಾಕಿಕೊಂಡ ಮಕ್ಕಳಲ್ಲಿ ಮೊದಲ 28 ದಿನದ ಸಾವು ಶೇಕಡಾ 25ರಷ್ಟು ಕಮ್ಮಿಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಬೆಂಗಳೂರಿನ ಸೇಂಟ್ ಜಾನ್ಸ್ ತಂಡ ಇದನ್ನು ಜಿಲ್ಲೆಯಿಡೀ ತರುವ ಕೆಲಸ ಮಾಡಿದೆ. ಅಮ್ಮನೇ ಆಗಬೇಕೆಂದಿಲ್ಲ, ಅಪ್ಪ, ಅಜ್ಜಿಯ ಎದೆಯೂ ನಡೆಯುತ್ತದೆ.

ಒಂದು ಎಚ್ಚರಿಕೆ. ಕೇಳದೆ ಮುಟ್ಟಬೇಡಿ. ಕೆಲವರಿಗೆ ಸ್ಪರ್ಶ ಅಂದರೆ ಹಳೆಯ ಕೆಟ್ಟ ನೆನಪು. ಅವರಿಗೆ ಒಂದು ಲೋಟ ನೀರು ಕೊಟ್ಟು ಸ್ವಲ್ಪ ದೂರ ಕೂತರೇ ಸಾಕು.

ನಾನು ಬಿಟಿಎಂನಲ್ಲಿ ಪಿಜಿಯಲ್ಲಿದ್ದೇನೆ, ಮನೆಯವರೆಲ್ಲ ಹಾವೇರಿಯಲ್ಲಿ. ವಾಟ್ಸಾಪ್ ಸಾಕಾಗಲ್ವಾ?

ಮೆಸೇಜು ಸುದ್ದಿ ತಲುಪಿಸುತ್ತದೆ, ದನಿ ತಲುಪಿಸುವುದಿಲ್ಲ. ಅಮೆರಿಕದ ಲೆಸ್ಲಿ ಸೆಲ್ಟ್‌ಜರ್ ತಂಡ 7ರಿಂದ 12 ವರ್ಷದ ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಬಿಡಿಸಿ, ಚೆನ್ನಾಗಿ ಬೆವರಿಳಿಸಿತು. ಪಾಪ. ಆಮೇಲೆ ಕೆಲವರಿಗೆ ಅಮ್ಮ ಎದುರಿಗೇ ಸಿಕ್ಕಳು, ಕೆಲವರಿಗೆ ಫೋನಿನಲ್ಲಿ. ಎರಡೂ ಗುಂಪಿನಲ್ಲಿ ಕಾರ್ಟಿಸೋಲ್ ಇಳಿಯಿತು, ಆಪ್ತತೆಯ ಹಾರ್ಮೋನು ಅನ್ನುವ ಆಕ್ಸಿಟೋಸಿನ್ ಏರಿತು. ಇದು 2010ರ ಮಾತು. ಎರಡು ವರ್ಷದ ನಂತರ ಅದೇ ತಂಡ ಟೈಪ್ ಮಾಡಿದ ಮೆಸೇಜನ್ನೂ ಸೇರಿಸಿ ನೋಡಿತು. ಅಮ್ಮನ ಜೊತೆ ಬರೀ ಮೆಸೇಜಿನಲ್ಲಿ ಮಾತಾಡಿದ ಹುಡುಗಿಯರ ದೇಹ, ಅಮ್ಮ ಸಿಗದೇ ಇದ್ದವರ ದೇಹದ ಹಾಗೆಯೇ ಇತ್ತು.

ಅದು ಮಕ್ಕಳ ಮೇಲೆ ಮಾಡಿದ ಸಣ್ಣ ಅಧ್ಯಯನ ಅನ್ನುವುದು ನೆನಪಿರಲಿ. ಆದರೂ ನಮ್ಮ ಅನುಭವಕ್ಕೆ ಹೊಂದುತ್ತದಲ್ವಾ? "ಊಟ ಆಯ್ತಾ?" ಅಂತ ಟೈಪ್ ಮಾಡಿದರೆ "ಹ್ಞೂಂ" ಅಂತ ಉತ್ತರ ಬರುತ್ತದೆ. ಅದನ್ನೇ ಅಮ್ಮ ಫೋನಿನಲ್ಲಿ ಕೇಳಿದಾಗ ನೀವು "ಹ್ಞೂಂ" ಅನ್ನುವ ದನಿಯಲ್ಲೇ ಅವರಿಗೆ ಗೊತ್ತಾಗಿಬಿಡುತ್ತದೆ. "ಯಾಕೋ ದನಿ ಒಂಥರಾ ಇದೆ" ಅಂತಾರೆ. ಆ ಒಂದು ಮಾತಿಗೆ ಗಂಟಲು ಕಟ್ಟುತ್ತದೆ, ಆಮೇಲೆ ಎದೆ ಹಗುರಾಗುತ್ತದೆ.

ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿ ಹೇಳಿದ್ದು: ಸಂಜೆ ಮೆಟ್ರೋ ಇಳಿದು ಪಿಜಿಗೆ ನಡೆಯುವ ಹನ್ನೆರಡು ನಿಮಿಷ ಅಪ್ಪನಿಗೆ ಫೋನ್ ಮಾಡುತ್ತಾಳೆ. ವಿಷಯ ಏನೂ ಇರುವುದಿಲ್ಲ. ಅಪ್ಪ ಮೆಣಸಿನಕಾಯಿ ರೇಟು ಹೇಳುತ್ತಾರೆ, ಇವಳು ಮಳೆ ಬಂತೋ ಇಲ್ಲವೋ ಹೇಳುತ್ತಾಳೆ. ಪಿಜಿ ಗೇಟು ಬಂದಾಗ ಇಡುತ್ತಾಳೆ. "ಆ ದಿನ ಫೋನ್ ಮಾಡದಿದ್ದರೆ ಊಟ ಇಳಿಯಲ್ಲ ಅಕ್ಕ" ಅಂದಳು. ಬ್ಯಾಡಗಿ ಮೆಣಸಿನಕಾಯಿ ರೇಟು ಒಬ್ಬರ ನರಮಂಡಲವನ್ನು ತಣಿಸಬಲ್ಲದು ಅಂತ ಯಾವ ಆ್ಯಪ್ ಹೇಳುತ್ತದೆ ಹೇಳಿ.

ನನ್ನ ಗಂಡ ಸಮಾಧಾನ ಮಾಡಲು ಬಂದರೆ ಕೋಪ ಇನ್ನೂ ಜಾಸ್ತಿ ಆಗುತ್ತದೆ. ತಪ್ಪು ನನ್ನದಾ?

ತಪ್ಪು ಕ್ರಮದ್ದು. ಅತಿ ಹೆಚ್ಚು ಬರುವ ಪ್ರಶ್ನೆ ಇದು. ಗಂಡಸರು ಇದನ್ನೇ ಉಲ್ಟಾ ಕೇಳುತ್ತಾರೆ: "ಒಳ್ಳೇದು ಹೇಳಕ್ಕೆ ಹೋದ್ರೆ ನನ್ ಮೇಲೇ ರೇಗ್ತಾಳೆ."

ಆಫೀಸಿನಲ್ಲಿ ಮರ್ಯಾದೆ ಹೋಗುವಂಥದ್ದು ನಡೆದಿದೆ. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು ಮನೆಗೆ ಬಂದಿದ್ದೀರಿ. ಬಾಯಿ ಬಿಟ್ಟು ಎರಡು ವಾಕ್ಯ ಹೇಳುವಷ್ಟರಲ್ಲಿ ಗಂಡ "ನೀನು ಅದನ್ನ ಮೊದಲೇ ಇಮೇಲ್‌ನಲ್ಲಿ ಹಾಕಬೇಕಿತ್ತು" ಅಂತಾನೆ. ಸಲಹೆ ಸರಿಯಾಗಿಯೇ ಇರಬಹುದು. ಆದರೆ ದೇಹಕ್ಕೆ ಅದು ಕೇಳುವುದು "ತಪ್ಪು ನಿನ್ನದೇ" ಅಂತ. ಮೈ ಇನ್ನೂ ಕಾದಿರುವಾಗ ಮೆದುಳಿನ ಮುಂಭಾಗ, ಅಂದರೆ ಯೋಚನೆ ಮಾಡುವ ಭಾಗ, ಪೂರ್ತಿ ಕೆಲಸಕ್ಕೆ ಬಂದಿರುವುದಿಲ್ಲ. ಬಿಸಿ ಬಾಣಲೆಗೆ ನೀರು ಹಾಕಿದ ಹಾಗೆ, ಚುರ್ ಅನ್ನುತ್ತದೆ.

ಕ್ರಮ ಬದಲಾಯಿಸಿ ನೋಡಿ. ಮೊದಲು ಕೂರಿಸಿ. ಫೋನು ಉಲ್ಟಾ ಇಡಿ. ನಿಮ್ಮ ದನಿ ಇಳಿಸಿ, ನಿಧಾನ ಮಾಡಿ. ಬಹಳ ಸಲ ಎದುರಿಗಿರುವವರ ದನಿ ಕೂಡ ಹಿಂದೆಯೇ ಇಳಿಯುತ್ತದೆ. "ಆಮೇಲೆ?" ಅನ್ನಿ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಕೌನ್ಸೆಲಿಂಗ್ ಪದ ನನಗೆ ಸಿಕ್ಕಿಲ್ಲ. "ಸಮಾಧಾನ ಮಾಡ್ಕೋ" ಅಂತ ಮಾತ್ರ ಅನ್ನಬೇಡಿ. ಸಮಾಧಾನ ಹೇಳುವವರಿಗೆ ಮೊದಲು ಸಮಾಧಾನ ಇರಬೇಕು. ಅದು ನಿಮ್ಮ ಹತ್ತಿರ ಇದ್ದರೆ ಹೇಳದೆಯೂ ದಾಟುತ್ತದೆ. ಇಲ್ಲದಿದ್ದರೆ ಎಷ್ಟು ಹೇಳಿದರೂ ದಾಟುವುದಿಲ್ಲ.

ನಿಯಾಲ್ ಬೋಲ್ಜರ್ ಮತ್ತು ಜೊತೆಯವರು 2000ದಲ್ಲಿ ಒಂದು ಕುತೂಹಲದ ವಿಷಯ ಕಂಡರು. ನ್ಯೂಯಾರ್ಕಿನಲ್ಲಿ ವಕೀಲಿಕೆ ಪರೀಕ್ಷೆಗೆ ಓದುತ್ತಿದ್ದವರೂ ಅವರ ಸಂಗಾತಿಗಳೂ ದಿನಾ ಡೈರಿ ಬರೆದರು. "ನಾನು ಸಹಾಯ ಮಾಡಿದೆ" ಅಂತ ಸಂಗಾತಿ ಬರೆದಿದ್ದರೂ ಓದುತ್ತಿದ್ದವರ ಗಮನಕ್ಕೆ ಬಾರದ ಸಹಾಯವೇ ಅವರ ಮನಸ್ಸಿಗೆ ಹೆಚ್ಚು ಒಳ್ಳೆಯದು ಮಾಡಿತ್ತು. ಎದ್ದು ಕಾಣುವ ಸಹಾಯದಲ್ಲಿ "ನಿನ್ನ ಕೈಲಿ ಆಗಲ್ಲ" ಅನ್ನುವ ಮುಳ್ಳು ಸೇರಿಕೊಂಡಿರುತ್ತದೆ. ಮಾತಾಡದೆ ಪಾತ್ರೆ ತೊಳೆದಿಡುವುದು, ಬೆಳಿಗ್ಗೆ ಅಕ್ಕಿ ನೆನೆಸಿಡುವುದು, ನಾಳೆಯ ಗ್ಯಾಸ್ ಬುಕ್ ಮಾಡಿಬಿಡುವುದು. ಇದನ್ನೆಲ್ಲ ಮಾಡಿ ಆಮೇಲೆ "ನಾನೇ ಮಾಡಿದ್ದು ಗೊತ್ತಾ" ಅಂದರೆ ಪುಣ್ಯ ಅಲ್ಲಿಗೇ ಖರ್ಚು.

ಅಳುವ ಮಗುವನ್ನು ಎತ್ತಿಕೊಂಡರೆ ಹಾಳಾಗುತ್ತದೆ ಅಂತಾರೆ, ಹೌದಾ?

ಇಲ್ಲ. ಕೂಸಿಗೆ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಬ್ರೇಕು ಇನ್ನೂ ಬಲಿತಿರುವುದಿಲ್ಲ. ಮೊದಲ ಕೆಲವು ವರ್ಷ ಅದು ನಮ್ಮ ಬ್ರೇಕನ್ನು ಸಾಲ ತೆಗೆದುಕೊಂಡು ಬದುಕುತ್ತದೆ. ಸಾವಿರ ಸಲ ಯಾರೋ ಎತ್ತಿ, ತಟ್ಟಿ, "ಲಾಲಿ ಲಾಲಿ" ಅಂದ ಮೇಲೆ ಒಂದು ದಿನ ತಾನೇ ಕಲಿಯುತ್ತದೆ.

ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು, ಎರಡು ಮೂರು ನಿಮಿಷ. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಅಳುತ್ತದೆ. ತಾಯಿ ಅಲ್ಲೇ ಇದ್ದಾಳೆ, ಎದುರಿಗೇ. ಮೊಬೈಲ್ ನೋಡುತ್ತಾ ಕೂತ ನಮ್ಮ ಮುಖ ಮಗುವಿಗೆ ಹೇಗೆ ಕಾಣುತ್ತದೋ ಅಂತ ನನಗೆ ಆಗಾಗ ಅನ್ನಿಸುತ್ತದೆ. ಆದರೆ ಅದೇ ಟ್ರಾನಿಕ್ ಇನ್ನೊಂದನ್ನೂ ತೋರಿಸಿದರು. ಒಳ್ಳೆಯ ತಾಯಂದಿರು ಕೂಡ ಮಗುವಿನ ತಾಳಕ್ಕೆ ಸದಾ ಹೊಂದಿರುವುದಿಲ್ಲ, ಬಹುಪಾಲು ಹೊತ್ತು ತಾಳ ತಪ್ಪಿರುತ್ತದೆ. ಮುಖ್ಯವಾದದ್ದು ತಪ್ಪಿದ ಮೇಲೆ ಮತ್ತೆ ಸೇರಿಕೊಳ್ಳುವುದು. ಹಾಗಾಗಿ ಒಂದು ದಿನ ರೇಗಿದ್ದಕ್ಕೆ ರಾತ್ರಿಯಿಡೀ ಅಳಬೇಡಿ. ಬೆಳಿಗ್ಗೆ ಎತ್ತಿಕೊಳ್ಳಿ.

ಇಲ್ಲಿ ಬಾಣಂತಿಯ ಮಾತನ್ನೂ ಹೇಳಬೇಕು. ಬ್ರೇಕು ಸಾಲ ಕೊಡುವವಳ ಬ್ರೇಕು ಯಾರು ನೋಡುತ್ತಾರೆ? ತವರಿನಲ್ಲಿ ಬಾಣಂತನ ಅನ್ನುವುದರ ಎಲ್ಲ ಕಟ್ಟುಪಾಡು ನನಗೆ ಒಪ್ಪಿಗೆ ಇಲ್ಲ, ನೀರು ಕಮ್ಮಿ ಕುಡಿಸುವುದಂತೂ ತಪ್ಪೇ. ಆದರೆ ಮೂರು ತಿಂಗಳು ಒಬ್ಬಳನ್ನು ಒಬ್ಬಳೇ ಬಿಡಬಾರದು ಅನ್ನುವ ತಿಳಿವಳಿಕೆ ಅದರಲ್ಲಿದೆ. ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಯಲ್ಲಿ ಕೂಸಿನ ಜೊತೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಬ್ಬಳೇ ಇರುವವಳಿಗೆ ಇಲ್ಲದಿರುವುದು ಅದೇ.

ಎಲ್ಲ ಸಂಬಂಧವೂ ಶಾಂತಿ ಕೊಡುತ್ತದಾ? ನಮ್ಮ ಮನೆ ನೋಡಿದರೆ ಹಾಗನ್ನಿಸಲ್ಲ.

ಕೊಡುವುದಿಲ್ಲ. ಜನ ಇದ್ದರೆ ಸಾಲದು, ಎಂಥವರು ಅನ್ನುವುದು ಮುಖ್ಯ. ಜಾನಿಸ್ ಕೀಕೋಲ್ಟ್ ಗ್ಲೇಸರ್ ತಂಡ 2005ರಲ್ಲಿ 42 ದಂಪತಿಗಳ ತೋಳಿನ ಮೇಲೆ ಸಣ್ಣ ಗುಳ್ಳೆಯ ಗಾಯ ಮಾಡಿ, ಎಷ್ಟು ಬೇಗ ಮಾಯುತ್ತದೆ ಅಂತ ನೋಡಿತು. ಜಗಳದ ವಿಷಯ ಮಾತಾಡಿದ ನಂತರ ಗಾಯ ನಿಧಾನವಾಗಿ ಮಾಯಿತು. ಒಬ್ಬರಿಗೊಬ್ಬರು ತುಂಬಾ ಕಹಿಯಾಗಿದ್ದ ಜೋಡಿಗಳಲ್ಲಿ ಮಾಯುವ ವೇಗ ಉಳಿದವರ ಶೇಕಡಾ 60ರಷ್ಟು ಮಾತ್ರ.

ಬೀಗ ತಿರುಗುವ ಸದ್ದಿಗೆ ನಿಮ್ಮ ಹೊಟ್ಟೆ ಬಿಗಿಯುತ್ತದಾ, ಸಡಿಲಾಗುತ್ತದಾ? ನಾನು ಕೇಳುವ ಒಂದೇ ಪರೀಕ್ಷೆ ಇದು. ಬಿಗಿಯುತ್ತದೆ ಅಂದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಅನ್ನುವವರ ಮಾತಿಗಿಂತ ನಿಮ್ಮ ಹೊಟ್ಟೆಯ ಮಾತು ನಂಬಿ. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ನನಗೆ ಅಂಥವರು ಯಾರೂ ಇಲ್ಲ. ಏನು ಮಾಡಲಿ?

ಇದನ್ನು ಕೇಳುವವರು ಸಾಮಾನ್ಯವಾಗಿ ಎಲ್ಲರೂ ಎದ್ದು ಹೋದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ.

ಒಂದೇ ಸಲಕ್ಕೆ ಜೀವದ ಗೆಳೆಯ ಹುಡುಕಲು ಹೋಗಬೇಡಿ. ಸಣ್ಣದರಿಂದ ಶುರು ಮಾಡಿ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಅನ್ನುವ ಇಬ್ಬರು ಕೆನಡಾದಲ್ಲಿ ಕಾಫಿ ಅಂಗಡಿಗೆ ಹೋಗುವವರಲ್ಲಿ ಅರ್ಧ ಜನರಿಗೆ ಕಾಫಿ ಕೊಡುವವರ ಜೊತೆ ನಕ್ಕು ಎರಡು ಮಾತಾಡಿ ಅಂದರು, ಉಳಿದವರಿಗೆ ಬೇಗ ಕಾಫಿ ತಗೊಂಡು ಹೊರಡಿ ಅಂದರು. ಮಾತಾಡಿದವರು ಹೆಚ್ಚು ಖುಷಿಯಾಗಿ ಹೊರಬಂದರು. ನಮ್ಮ ದರ್ಶಿನಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ನಿಂತು ತಿನ್ನುವ ಟೇಬಲ್ಲಿನಲ್ಲಿ ಎದುರಿಗೆ ಯಾರೋ ಇದ್ದೇ ಇರುತ್ತಾರೆ. ದಿನಾ ಒಂದೇ ಹೊತ್ತಿಗೆ, ಒಂದೇ ಕಡೆ ಹೋಗಿ. ಹತ್ತು ದಿನಕ್ಕೆ ಕೌಂಟರಿನವರು "ಸಕ್ಕರೆ ಕಮ್ಮಿ ಅಲ್ವಾ?" ಅಂತ ತಾವೇ ಕೇಳುತ್ತಾರೆ. ನಿಮ್ಮನ್ನು ಗುರುತು ಹಿಡಿಯುವ ಒಂದು ಮುಖ ಸಿಕ್ಕಿತು.

ಲಾಲ್‌ಬಾಗಿನ ಬೆಳಗಿನ ವಾಕಿಂಗ್, ಏರಿಯಾದ ಲೈಬ್ರರಿ, ರಾಜ್ಯೋತ್ಸವ ಸಮಿತಿ, ಗಣೇಶನ ಪೆಂಡಾಲು. ಕೊನೆಯದರಲ್ಲಿ ಸದ್ದು ಜಾಸ್ತಿ, ಆದರೆ ಪ್ರಸಾದ ಹಂಚುವ ಕೆಲಸಕ್ಕೆ ಕೈ ಯಾವಾಗಲೂ ಕಮ್ಮಿ ಇರುತ್ತದೆ. ಕೆಲಸ ಮಾಡುತ್ತಾ ಸೇರುವುದು ಸುಲಭ. ಬೀದಿನಾಯಿ, ಮನೆಬೆಕ್ಕೂ ಲೆಕ್ಕಕ್ಕೆ ಉಂಟು. ಹಿರಿಯರಿಗೆ ಎಲ್ಡರ್‌ಲೈನ್ ಅನ್ನುವ ಸಹಾಯವಾಣಿ 14567 ಇದೆ.

ಗಂಡಸರು ಹೇಳಿಕೊಳ್ಳುವುದೇ ಇಲ್ಲವಲ್ಲ?

ಎದುರುಬದುರು ಕೂರಿಸಿ "ಏನಾಯ್ತು ಹೇಳು" ಅಂದರೆ ಹೇಳುವುದಿಲ್ಲ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಿ, ಇಲ್ಲ ಜೊತೆಗೆ ನಡೆಯಿರಿ. ಇಬ್ಬರ ಕಣ್ಣೂ ರಸ್ತೆಯ ಮೇಲೆ ಇದ್ದಾಗ ಮಾತು ಹೊರಡುತ್ತದೆ.

ಧ್ಯಾನ, ಪ್ರಾಣಾಯಾಮ ಮಾಡಿದರೆ ಸಾಲದಾ?

ಮಾಡಿ, ಒಳ್ಳೆಯದು. ನಿಧಾನವಾಗಿ ಉಸಿರು ಬಿಡುವುದು ಬ್ರೇಕಿಗೆ ನೇರವಾಗಿ ಕೆಲಸ ಕೊಡುತ್ತದೆ. ಆದರೆ "ನನ್ನ ಗಾಬರಿ ನಾನೊಬ್ಬನೇ ಸರಿ ಮಾಡಿಕೊಳ್ಳಬೇಕು" ಅನ್ನುವ ಹಟಕ್ಕೆ ಅದನ್ನು ಆಯುಧ ಮಾಡಿಕೊಳ್ಳಬೇಡಿ. ಎರಡೂ ಸೇರುವ ಜಾಗ ಬೇಕಿದ್ದರೆ ಭಜನೆ, ಕೋರಸ್ ಹಾಡು. ಸ್ವೀಡನ್ನಿನಲ್ಲಿ 2013ರಲ್ಲಿ ಬಂದ ಅಧ್ಯಯನವೊಂದರಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಜೊತೆಜೊತೆಗೆ ಏರಿಳಿಯುವುದು ಕಂಡಿತು. ಹಾಡಿನ ಸಾಲು ಉಸಿರನ್ನು ಕಟ್ಟುತ್ತದೆ, ಉಸಿರು ಎದೆಬಡಿತವನ್ನು. ಶ್ರುತಿ ತಪ್ಪಿದರೂ ನಡೆಯುತ್ತದೆ. ನಮ್ಮ ಬೀದಿಯ ಶನಿವಾರದ ಭಜನೆಯನ್ನು ಕೇಳಿಯೇ ಹೇಳುತ್ತಿದ್ದೇನೆ.

ನಾನೇ ಎಲ್ಲರಿಗೂ ಆಸರೆ. ನನಗೇ ಸುಸ್ತಾಗಿದೆ. ಏನು ಮಾಡಲಿ?

ಬ್ರೇಕು ಸಾಲ ಕೊಟ್ಟು ಕೊಟ್ಟು ನಿಮ್ಮ ಪ್ಯಾಡೇ ಸವೆದಿದೆ. ಮರೆವಿನ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ನಾವು ಯಾರೂ ಉಪದೇಶ ಮಾಡಲಿಲ್ಲ. ಪಾಳಿ ಹಾಕಿಕೊಂಡು ಬುಧವಾರ ಸಂಜೆ ಒಬ್ಬರು ಅತ್ತೆಯ ಜೊತೆ ಕೂರುತ್ತೇವೆ, ಅವರು ಎರಡು ಗಂಟೆ ಹೊರಗೆ ಹೋಗುತ್ತಾರೆ. ಮೊದಲ ವಾರ ಎಲ್ಲಿಗೂ ಹೋಗದೆ ಪಕ್ಕದ ಬೀದಿಯ ಬಸ್ ಸ್ಟಾಪಿನಲ್ಲಿ ಕೂತು ಬಂದರಂತೆ. "ಯಾರೂ ನನ್ನ ಕರೀಲಿಲ್ಲ, ಎಷ್ಟು ಚೆನ್ನಾಗಿತ್ತು" ಅಂದರು. ಹಾಗಾಗಿ ಸಹಾಯ ಕೇಳುವಾಗ "ನಂಗೆ ಕಷ್ಟ ಆಗ್ತಿದೆ" ಅಂತ ಬಿಡಬೇಡಿ. ದಿನ, ಹೊತ್ತು, ಕೆಲಸ ಹೇಳಿ ಕೇಳಿ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಎದೆನೋವು, ಉಸಿರು ಸಿಗದಿರುವುದು ಮೊದಲ ಸಲ ಆದರೆ ಗಾಬರಿ ಅಂತ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಎರಡು ವಾರದಿಂದ ನಿದ್ದೆ ಊಟ ಕೆಟ್ಟಿದ್ದರೆ, ಹಳೆಯ ಘಟನೆ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದರೆ, ಯಾರೂ ಬೇಡ ಅನ್ನಿಸುತ್ತಿದ್ದರೆ, ಗೆಳೆಯರ ಹೆಗಲು ಒಂದೇ ಸಾಲದು. ಸಾಯಬೇಕು ಅನ್ನುವ ಯೋಚನೆ ಬಂದರೆ ಇವತ್ತೇ ಮಾತಾಡಿ. ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸೇ. ನಿಮ್ಹಾನ್ಸ್ ಅಂದ ಕೂಡಲೇ ಮುಖ ಸಣ್ಣ ಮಾಡುವವರು ಇನ್ನೂ ಇದ್ದಾರೆ. ಅಲ್ಲಿ ಕುಟುಂಬಗಳಿಗಾಗಿಯೇ ಒಂದು ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಇದೆ, ಒಬ್ಬರ ತೊಂದರೆಯನ್ನು ಮನೆಯವರೆಲ್ಲ ಕೂತು ನೋಡುವ ಜಾಗ. ಒಬ್ಬರೇ ಹೋಗಲು ಭಯವಾದರೆ ಯಾರನ್ನಾದರೂ ಕರೆದುಕೊಂಡು ಹೋಗಿ.

ನಿಮ್ಮ ಗುಂಪಿಗೆ ಬರಬಹುದಾ? ನನಗೆ ಮಾತಾಡಲು ಬರುವುದಿಲ್ಲ.

ಬನ್ನಿ. ಮಾತಾಡದೆ ಒಂದು ವರ್ಷ ಬಂದವರಿದ್ದಾರೆ. ಪ್ರತಿ ವಾರ ಕಡಲೆಕಾಯಿ ತರುತ್ತಿದ್ದರು, ಸಿಪ್ಪೆ ತೆಗೆದು ಎಲ್ಲರ ಮುಂದೆ ಇಡುತ್ತಿದ್ದರು. ಸಂಜೆ ಐದಕ್ಕೆ ಶುರು, ಕತ್ತಲಾಗುವವರೆಗೆ. ಮಳೆ ಬಂದರೆ ಗೇಟಿನ ಎದುರಿನ ದರ್ಶಿನಿಯ ಶೀಟಿನ ಕೆಳಗೆ ನಿಂತಿರುತ್ತೇವೆ. ಕಾಫಿ ಬೈಟು, ಹಾಗಾಗಿ ಬೆಸ ಸಂಖ್ಯೆಯಲ್ಲಿದ್ದಾಗ ಒಬ್ಬರು ಕಮ್ಮಿ ಬೀಳುತ್ತಾರೆ.